ಅರ್ಧ ಕಿಲೋ ಅಗಸೆಯಲ್ಲಿ ಮೂರು ಗೋಧಿ ಕಾಳು

ಮೊನ್ನೆ ಭಾನುವಾರ ಬೆಳಿಗ್ಗೆ ಅಗಸೆ ಆರಿಸುತ್ತಾ ಕೂತಿದ್ದೆ. ಕಿಟಕಿ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ದೊಡ್ಡ ಸ್ಟೀಲ್ ತಟ್ಟೆ ಇಟ್ಟುಕೊಂಡು, ಒಂದೊಂದೇ ಹಿಡಿ ಸುರಿದು, ಬೆರಳಿನಿಂದ ತೆಳ್ಳಗೆ ಹರಡಿ, ನೋಡಿ ಆಮೇಲೆ ಪಕ್ಕಕ್ಕೆ ಸರಿಸುವುದು. ಅರ್ಧ ಕಿಲೋ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೂರು ಗೋಧಿ ಕಾಳು ಸಿಕ್ಕವು. ಮೂರೂ ಇಡಿಯ ಕಾಳು.

ಅಂಗಡಿಯಿಂದ ತಂದ ಅಗಸೆಯಲ್ಲಿ ಮೂರು ಗೋಧಿ ಕಾಳು ಬಂದರೆ ಯಾರೂ ಅದನ್ನು ದೂರು ಅಂತ ಹೇಳುವುದಿಲ್ಲ. ಕಲ್ಲು ಬಂದಿಲ್ಲವಲ್ಲ, ಹುಳ ಬಂದಿಲ್ಲವಲ್ಲ. ನನ್ನ ಮನೆಯಲ್ಲಿ ಮಾತ್ರ ಈ ಮೂರು ಕಾಳು ಲೆಕ್ಕಕ್ಕೆ ಬರುತ್ತವೆ. ನನಗೆ ಸೀಲಿಯಾಕ್ ಕಾಯಿಲೆ ಇದೆ, ಅಂದರೆ ಗೋಧಿ ಹೊಟ್ಟೆಗೆ ಹೋದರೆ ಕರುಳು ಹಾಳಾಗುವ ಕಾಯಿಲೆ.

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಕರ್ವೆ ನಗರದಲ್ಲಿ ಮನೆ. ಊರು ಬಾಗಲಕೋಟೆ ಕಡೆಯ ಹಳ್ಳಿ, ಅವ್ವ, ಅಪ್ಪ, ತಮ್ಮ ಈಗಲೂ ಅಲ್ಲೇ ಹೊಲ ಮಾಡಿಕೊಂಡಿದ್ದಾರೆ. ಮೂರು ವರ್ಷದ ಹಿಂದೆ ನನ್ನ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು, ಏರುತ್ತಲೇ ಇರಲಿಲ್ಲ. ಹೊಟ್ಟೆ ಉಬ್ಬರ, ಸುಸ್ತು, ಬಾಯಿಹುಣ್ಣು. ಕೊನೆಗೆ ಒಬ್ಬ ಡಾಕ್ಟರು ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು, ಅದು ಮಿತಿಗಿಂತ ಬಹಳ ಜಾಸ್ತಿ ಬಂತು, ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಕರುಳಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಬೆರಳಿನಂಥ ಎಳೆಗಳಿರುತ್ತವೆ, ಊಟದ ಸತ್ವ ಹೀರಿಕೊಳ್ಳುವುದು ಅವೇ. ನನ್ನವು ಸವೆದು ಚಪ್ಪಟೆಯಾಗಿದ್ದವು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಅಷ್ಟೇ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಬಹಳ ಜನ ತಪ್ಪು ಮಾಡುವ ಜಾಗ ಇದು. ನಿಮಗೆ ಅನುಮಾನ ಇದ್ದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲೂ ಕರುಳಿನಲ್ಲೂ ಗುರುತು ಕಮ್ಮಿಯಾಗಿ, ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪಥ್ಯ ಅಂದರೆ ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯ ಜೀವನಪೂರ್ತಿ ಬಂದ್. ಇವುಗಳಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನು ಕಂಡರೆ ನಮ್ಮ ಮೈಯ ಕಾವಲು ವ್ಯವಸ್ಥೆ ನಮ್ಮ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಪುಣೆಯಲ್ಲಿ ಈಗ ಖಪ್ಲಿ ಗೋಧಿಗೆ ಬಹಳ ಬೇಡಿಕೆ, 'ಇದು ಹಳೇ ತಳಿ, ಇದು ನಡೆಯುತ್ತೆ' ಅಂತ ಎಷ್ಟೋ ಜನ ನನಗೆ ಪ್ರೀತಿಯಿಂದ ಹೇಳಿದ್ದಾರೆ. ನಡೆಯುವುದಿಲ್ಲ. ಖಪ್ಲಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

ಗೋಧಿ ಹುಗ್ಗಿ ಹೋಯಿತು, ಮಾದ್ಲಿ ಹೋಯಿತು, ಹೋಳಿಗೆ ಹೋಯಿತು. ಆದರೆ ನಮ್ಮ ಕಡೆಯವರಿಗೆ ಜೋಳದ ರೊಟ್ಟಿ ಇದೆ, ಸಜ್ಜೆ ರೊಟ್ಟಿ ಇದೆ, ಅನ್ನ ಇದೆ. ಆ ವಿಷಯದಲ್ಲಿ ನಾನು ಎಷ್ಟೋ ಪುಣ್ಯವಂತೆ ಅನಿಸಿತ್ತು.

ಡಯಟೀಶಿಯನ್ ಹೇಳಿದ್ದು ಬೀಜಗಳ ಬಗ್ಗೆ. ಗೋಧಿ ಬಿಟ್ಟವರು ಬರೀ ಅಕ್ಕಿ, ಸಾಬುದಾಣಿ, ಆಲೂಗಡ್ಡೆ ತಿಂದುಕೊಂಡು ಇದ್ದುಬಿಡುತ್ತಾರೆ, ನಾರು ಸಾಲುವುದಿಲ್ಲ, ಕಬ್ಬಿಣ, ಸುಣ್ಣ ಸಾಲುವುದಿಲ್ಲ, ಅದಕ್ಕೆ ದಿನಾ ಒಂದಿಷ್ಟು ಬೀಜ ತಿನ್ನಿ ಅಂದರು. ಅವರು ಹೇಳಿದ್ದು ಸರಿಯೇ. ಸಿಪ್ಪೆ ಸಮೇತದ ಎಳ್ಳು 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 975 ಮಿಲಿಗ್ರಾಂ ಕ್ಯಾಲ್ಸಿಯಂ, 14 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಇರುತ್ತದೆ. ಅದಷ್ಟೂ ಮೈಗೆ ಹತ್ತುವುದಿಲ್ಲ, ಸಿಪ್ಪೆಯಲ್ಲಿರುವ ಕೆಲವು ಅಂಶಗಳು ತಡೆಯುತ್ತವೆ, ಆದರೂ ಕಮ್ಮಿಯೇನಲ್ಲ. ಅಗಸೆಯಲ್ಲಿ 100 ಗ್ರಾಂಗೆ 27 ಗ್ರಾಂ ನಾರು. ಕುಂಬಳ ಬೀಜದಲ್ಲಿ 30 ಗ್ರಾಂ ಪ್ರೊಟೀನು. ಎಳ್ಳು, ಗುರೆಳ್ಳು, ಅಗಸೆ, ಗಸಗಸೆ, ಕುಂಬಳ, ಸೂರ್ಯಕಾಂತಿ, ಕುಸುಬೆ, ಕಾಮಕಸ್ತೂರಿ, ಅಳವಿ, ಚಿಯಾ, ರಾಜಗಿರಿ, ಇವು ಯಾವುದರಲ್ಲೂ ಗ್ಲುಟೆನ್ ಇಲ್ಲ. ಒಂದರಲ್ಲೂ ಇಲ್ಲ.

'ಬೀಜದಲ್ಲಿ ಗ್ಲುಟೆನ್ ಇಲ್ಲ' ಅನ್ನುವ ಒಂದು ವಾಕ್ಯ ಹಿಡಿದುಕೊಂಡು ನಾನು ಎಂಟು ತಿಂಗಳು ಬೀಜದ ಬಗ್ಗೆ ನೆಮ್ಮದಿಯಾಗಿದ್ದೆ. ಅವ್ವ ಊರಿಂದ ಕಳಿಸುವ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ರೊಟ್ಟಿ ಜೊತೆ ದಿನಾ ಎರಡು ಹೊತ್ತು. ಆಫೀಸಿನಲ್ಲಿ ಸಂಜೆ ಹಸಿವಾದರೆ ಮಸಾಲೆ ಹಚ್ಚಿ ಹುರಿದ ಬೀಜಗಳ ಪ್ಯಾಕೆಟ್. ರಾತ್ರಿ ಹಾಲಿಗೆ ಒಂದು ಚಮಚ ಅಗಸೆ ಪುಡಿ. ಎಂಟು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಟಿಟಿಜಿ ಸ್ವಲ್ಪ ಇಳಿದಿತ್ತು, ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಒಂದು ವಾರ ಬಾಯಿಗೆ ಹೋಗುವುದನ್ನೆಲ್ಲ ಬರೆದಿಡಿ, ಅದು ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ ಅಂದರು.

ಎಲ್ಲಿಂದ ಬಂತು. ಆ ಕಾಲಂ ತುಂಬಿಸುವಾಗಲೇ ನನಗೆ ಎದೆ ಝಲ್ಲೆಂದದ್ದು.

ಅವ್ವನಿಗೆ ಫೋನ್ ಮಾಡಿದೆ. ಹಿಂಡಿಗೆ ಅಗಸಿ ಎಲ್ಲಿ ಬೆಳೀತೀರಿ ಅಂತ ಕೇಳಿದೆ. ಗೊತ್ತಿದ್ದದ್ದೇ, ಸಣ್ಣವಳಿದ್ದಾಗ ನಾನೇ ಆ ಸಾಲುಗಳ ನಡುವೆ ಓಡಾಡಿದವಳು, ಆದರೂ ಅವತ್ತು ಕೇಳಿದಾಗಲೇ ಕಿವಿಗೆ ಬಿತ್ತು.

"ಗೋದಿಯೊಳಗ ಅಕ್ಕಡಿ ಹಾಕ್ತೀವಲ್ಲ ಯವ್ವಾ. ಮೊದ್ಲಿಂದ ಹಂಗ ಅಲ್ಲೇನು."

ಹಿಂಗಾರಿಯಲ್ಲಿ ಗೋಧಿ ಬಿತ್ತುವಾಗ ಇಷ್ಟು ಸಾಲಿಗೊಂದು ಸಾಲು ಅಗಸಿ, ಹೊಲದ ಅಂಚಿಗೆ ಕುಸುಬೆ, ದನ ಒಳಗೆ ಬರಬಾರದು ಅಂತ. ಅಗಸಿಯೂ ಗೋಧಿಯೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಕೊಯ್ಲಿಗೆ ಬರುತ್ತವೆ. ಒಂದೇ ಕಣ. ಅದೇ ತಾಡಪತ್ರಿ, ಅದೇ ರಾಶಿ ಮಿಷನ್ನು. ಗೋಧಿ ತುಂಬಿ ಖಾಲಿಯಾದ ಚೀಲವನ್ನೇ ಝಾಡಿಸಿ ಅದರಲ್ಲಿ ಅಗಸಿ. ಆಮೇಲೆ ಹುರಿದು, ಹಿಂಡಿ ಜಾಸ್ತಿ ಬೇಕಾದಾಗ, ಅಂದರೆ ನನಗೆ, ಅಕ್ಕನಿಗೆ, ಚಿಕ್ಕವ್ವನಿಗೆ ಎಲ್ಲರಿಗೂ ಕಳಿಸಬೇಕಾದಾಗ, ಒರಳಲ್ಲಿ ಕುಟ್ಟಲಾಗದೆ ಊರ ಗಿರಣಿಗೆ ಕೊಟ್ಟು ಬೀಸಿಸುವುದು. ಆ ಗಿರಣಿಯಲ್ಲಿ ಅಗಸಿಗಿಂತ ಮೊದಲು ಏನು ಬೀಸಿದ್ದರು ಅಂತ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಗೋದಿ ಬೀಸಿರ್ತಾರ," ಅಂದಳು. ಆಮೇಲೆ, "ನಾ ಏನ್ ವಿಷಾ ಕಳಿಸೀನೇನ್ ನಿನಗ?" ಅಂದಳು. ಅವಳ ದನಿ ನಡುಗುತ್ತಿತ್ತು. ನಾನು ಇಲ್ಲ ಬೇ, ಇಲ್ಲ ಬೇ ಅಂತ ಇಬ್ಬರೂ ಅತ್ತದ್ದಾಯಿತು.

ಇದನ್ನು ಇಷ್ಟುದ್ದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆ ಒಂದು ಫೋನ್ ಕರೆಯಲ್ಲಿ ನನಗೆ ತಿಳಿದದ್ದು ಎಷ್ಟೋ ಲೇಬಲ್ ಓದಿದರೂ ತಿಳಿದಿರಲಿಲ್ಲ. ಬೀಜದ ತಪ್ಪಿಲ್ಲ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಹಾಗೆ. ಬೀಜ ನಮ್ಮ ಬಾಯಿಗೆ ಬರುವ ಮೊದಲು ಎಲ್ಲೆಲ್ಲಿ ಇತ್ತು, ಯಾರ ಪಕ್ಕ ಇತ್ತು, ಇದನ್ನು ಕೇಳದೆ 'ಬೀಜದಲ್ಲಿ ಗ್ಲುಟೆನ್ ಇಲ್ಲ' ಅನ್ನುವ ಮಾತಿಗೆ ಅರ್ಥವೇ ಇಲ್ಲ. ಇದು ನಮ್ಮ ಹಳ್ಳಿಯ ಕತೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಹಜವಾಗಿ ಗ್ಲುಟೆನ್ ಇಲ್ಲದ ಧಾನ್ಯ, ಬೀಜ, ಹಿಟ್ಟುಗಳನ್ನು ಅಂಗಡಿಯಿಂದ ತಂದು ಪರೀಕ್ಷಿಸಿದ್ದರು, 'ಗ್ಲುಟೆನ್ ಫ್ರೀ' ಅಂತ ಲೇಬಲ್ ಇಲ್ಲದವು. 22 ಮಾದರಿಗಳಲ್ಲಿ 7ರಲ್ಲಿ ಗ್ಲುಟೆನ್ ಮಿತಿ ಮೀರಿತ್ತು. ದೊಡ್ಡ ದೊಡ್ಡ ಮಿಷನ್ನು, ಚೊಕ್ಕ ಪ್ಯಾಕೆಟ್ಟು ಇರುವ ದೇಶದಲ್ಲೂ ಹೊಲ, ಲಾರಿ, ಗಿರಣಿ ಹಂಚಿಕೊಂಡರೆ ಹೀಗೇ ಆಗುತ್ತದೆ.

ಮಿತಿ ಅಂದೆನಲ್ಲ, ಆ ಲೆಕ್ಕ ಹೇಳುತ್ತೇನೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ, ಹೇಳುವ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇದ್ದರೆ ಅದನ್ನು 'ಗ್ಲುಟೆನ್ ಫ್ರೀ' ಅಂತ ಮಾರುವ ಹಾಗಿಲ್ಲ. ಅಮೆರಿಕ, ಯುರೋಪಿನಲ್ಲೂ ಇದೇ ಅಳತೆ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಗ್ಲುಟೆನ್ ಅಂದುಕೊಳ್ಳಿ, ಕಾಳಿಗೆ 4 ಮಿಲಿಗ್ರಾಂ. ಕಿಲೋಗೆ ಐದು ಕಾಳು ಸೇರಿದರೆ ಮಿತಿ ಮುಟ್ಟಿತು. ನನಗೆ ಮೊನ್ನೆ ಅರ್ಧ ಕಿಲೋದಲ್ಲಿ ಮೂರು ಸಿಕ್ಕವು, ಅಂದರೆ ಕಿಲೋಗೆ ಆರು, 24 ಮಿಲಿಗ್ರಾಂ. ಮಿತಿ ದಾಟಿತ್ತು.

ಎಳ್ಳಷ್ಟು ಅಂತೀವಲ್ಲ ನಾವು, ಲೆಕ್ಕಕ್ಕೇ ಇಲ್ಲದಷ್ಟು ಅನ್ನುವ ಅರ್ಥದಲ್ಲಿ. ಈ ಕಾಯಿಲೆಯಲ್ಲಿ ಎಳ್ಳಷ್ಟು ಅನ್ನುವುದೇ ಲೆಕ್ಕ.

ಆದರೆ ಈ ಲೆಕ್ಕವನ್ನು ಇಲ್ಲಿಗೇ ಬಿಟ್ಟರೆ ಸುಮ್ನೆ ಹೆದರಿಸಿದ ಹಾಗಾಗುತ್ತದೆ. ಯಾರೂ ಒಂದೇ ದಿನಕ್ಕೆ ಅರ್ಧ ಕಿಲೋ ಅಗಸೆ ತಿನ್ನುವುದಿಲ್ಲ. ಎರಡು ಚಮಚ, 20 ಗ್ರಾಂ ಅಂತಿಟ್ಟುಕೊಂಡರೆ ಮಿತಿ ದಾಟಿದ ಆ ಅಗಸೆಯಿಂದಲೂ ಸರಾಸರಿ ಅರ್ಧ ಮಿಲಿಗ್ರಾಂ ಬರುತ್ತದೆ. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿನ ಒಳಪದರ ಹಾಳಾಗುತ್ತದೆ ಅಂತ ಕಂಡುಬಂತು. ದಿನಕ್ಕೆ 10ರ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾದರೆ ಮೂರು ಕಾಳಿಗೆ ಯಾಕಿಷ್ಟು ಒದ್ದಾಟ? ಯಾಕಂದರೆ ಕಾಳು ಸರಾಸರಿ ಹಂಚಿಕೊಂಡು ಬರುವುದಿಲ್ಲ, ಮೂರೂ ಒಂದೇ ಚಮಚದಲ್ಲಿ ಬರಬಹುದು. ಮತ್ತೆ ಅಗಸೆ ಒಂದೇ ಅಲ್ಲ, ರೊಟ್ಟಿ ಹಿಟ್ಟಿನಿಂದ ಒಂದಿಷ್ಟು, ಹಿಟ್ಟು ಬೆರೆಸಿದ ಇಂಗಿನಿಂದ ಒಂದಿಷ್ಟು, ಎಲ್ಲ ಸೇರುತ್ತದೆ.

ನಿಜವಾದ ಭಯ ಇಡಿಯ ಕಾಳಿನದಲ್ಲ, ಪುಡಿಯದು. ಗಿರಣಿಯ ಕಲ್ಲಿನ ಸಂದಿಯಲ್ಲಿ, ಡಬ್ಬಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ತೋಳಿನಲ್ಲಿ ಹಿಂದಿನವರ ಗೋಧಿ ಹಿಟ್ಟು ಉಳಿದೇ ಇರುತ್ತದೆ. ಅರ್ಧ ಗ್ರಾಂ ಗೋಧಿ ಹಿಟ್ಟು, ಅಂದರೆ ಎರಡು ಬೆರಳಿನ ಚಿಟಿಕೆ, ಅದರಲ್ಲೇ ಸುಮಾರು 50 ಮಿಲಿಗ್ರಾಂ ಗ್ಲುಟೆನ್. ಕಾಳು ಕಣ್ಣಿಗೆ ಕಾಣುತ್ತದೆ, ಆರಿಸಿ ಬಿಸಾಡಬಹುದು. ಹಿಂಡಿಯಲ್ಲಿ ಬೆರೆತ ಹಿಟ್ಟನ್ನು ಯಾವ ದೇವರೂ ಆರಿಸಲಾರ. ಅದಕ್ಕೇ ನನ್ನ ಮೊದಲ ನಿಯಮ, ಪುಡಿ ಯಾವತ್ತೂ ಹೊರಗಿನದು ಬೇಡ. ಅಂಗಡಿಯ ಅಗಸೆ ಪುಡಿ, ಎಳ್ಳು ಪುಡಿ, ರಾಜಗಿರಿ ಹಿಟ್ಟು, ಪರೀಕ್ಷೆ ಮಾಡಿ 'ಗ್ಲುಟೆನ್ ಫ್ರೀ' ಅಂತ ಮುದ್ರಿಸಿದ್ದರೆ ಸರಿ, ಇಲ್ಲದಿದ್ದರೆ ಇಡಿಯ ಬೀಜ ತಂದು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುವುದು.

ಪುಣೆಯಲ್ಲಿ ಉಪವಾಸದ ಹಿಟ್ಟುಗಳು ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ, ರಾಜಗಿರಿ, ವರಿ, ಶಿಂಗಾಡಾ. ಉಪವಾಸಕ್ಕೆ ನಡೆಯುತ್ತದೆ ಅಂದರೆ ಗೋಧಿ ಇಲ್ಲ ಅಂತಲೇ ಅರ್ಥ ಅಂದುಕೊಂಡು ನಾನೂ ತಂದಿದ್ದೆ. ಪದಾರ್ಥದಲ್ಲಿ ಗೋಧಿ ಇಲ್ಲ, ನಿಜ. ಗಿರಣಿಯಲ್ಲಿ ಇದೆಯೋ ಇಲ್ಲವೋ ಅದು ಬೇರೆ ಪ್ರಶ್ನೆ.

ಅಂಗಡಿಯಲ್ಲಿ ಕೇಳುವುದನ್ನು ಕಲಿಯಲು ನನಗೆ ಒಂದು ವರ್ಷವೇ ಹಿಡಿಯಿತು. ಮೊದಮೊದಲು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹೋಗಿ, ಸಾಲಾಗಿ ಬಾಯಿ ತೆರೆದುಕೊಂಡು ನಿಂತಿರುವ ಚೀಲಗಳ ಮುಂದೆ ನಿಂತು, ನನಗೆ ಬರುವ ಮರಾಠಿಯಲ್ಲಿ "ಹ್ಯಾತ್ ಗಹೂ ನಾಹೀ ನಾ?" ಅಂತ ಕೇಳುತ್ತಿದ್ದೆ. ಇದರಲ್ಲಿ ಗೋಧಿ ಇಲ್ಲ ತಾನೆ ಅಂತ. ಅಂಗಡಿಯವರ ಮುಖ ತಕ್ಷಣ ಬಿಗಿಯಾಗುತ್ತಿತ್ತು. "ಭೇಸಳ ನಾಹೀ ತಾಯೀ ಆಮ್ಚ್ಯಾಕಡೆ" ಅನ್ನುತ್ತಿದ್ದರು. ಕಲಬೆರಕೆ ಮಾಡುವವರಲ್ಲ ನಾವು ಅಂತ. ಅವರಿಗೆ ನೋವಾಗಿತ್ತು, ಮತ್ತೆ ಅವರು ಹೇಳಿದ್ದು ಸುಳ್ಳೂ ಅಲ್ಲ. ದುಬಾರಿ ಅಗಸೆಗೆ ಯಾರೂ ಬೇಕಂತ ನಾಲ್ಕು ಗೋಧಿ ಕಾಳು ಹಾಕುವುದಿಲ್ಲ. ನಾನು ಕೇಳಬೇಕಾದದ್ದೇ ಬೇರೆ ಇತ್ತು. ಈಗ ಮೊದಲು ನನ್ನ ಕಾಯಿಲೆ ಹೇಳುತ್ತೇನೆ. ಒಂದು ಕಾಳು ಗೋಧಿಯೂ ನನಗೆ ಔಷಧಿಯಿಲ್ಲದ ತೊಂದರೆ ಅಂತ ಹೇಳುತ್ತೇನೆ. ಆಮೇಲೆ, ಈ ಅಳೆಯುವ ಡಬ್ಬಿ ಬೇರೆ ಚೀಲಕ್ಕೂ ಹೋಗುತ್ತದಾ, ಪಕ್ಕದ ಚೀಲದಲ್ಲಿ ಏನಿದೆ, ಬಿಚ್ಚದ ಚೀಲ ಇದ್ದರೆ ಅದರಿಂದ ಕೊಡುತ್ತೀರಾ ಅಂತ ಕೇಳುತ್ತೇನೆ. ಹೀಗೆ ಕೇಳಿದರೆ ಯಾರೂ ಸಿಟ್ಟಾಗಿಲ್ಲ. ಒಬ್ಬ ವಯಸ್ಸಾದ ಅಂಗಡಿಯವರು ಒಳಗಿಂದ ಹೊಸ ಚೀಲ ತರಿಸಿ, ಕೈ ತೊಳೆದುಕೊಂಡು ಬಂದು ತೂಗಿಕೊಟ್ಟರು. ಅವರ ಅಂಗಡಿಗೇ ಈಗಲೂ ಹೋಗುತ್ತೇನೆ.

ಮನೆಗೆ ತಂದ ಮೇಲೆ ಹಸನು ಮಾಡುವುದು. ಈ ಮಾತು ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ಕಾಳು ಹಸನು ಮಾಡೋದು ಅಂದರೆ ಕೇರುವುದು, ಜರಡಿ ಹಿಡಿಯುವುದು, ಆರಿಸುವುದು ಎಲ್ಲ ಸೇರಿತು. ಮಧ್ಯಾಹ್ನ ಊಟವಾದ ಮೇಲೆ ಅವ್ವ, ಅಜ್ಜಿ, ಪಕ್ಕದ ಮನೆಯವರು ಪಡಸಾಲೆಯಲ್ಲಿ ಮೊರ ಹಿಡಿದು ಕೂರುತ್ತಿದ್ದದ್ದು ಇದಕ್ಕೇ. ನನ್ನ ತಲೆಮಾರಿಗೆ ಪ್ಯಾಕೆಟ್ ಬಂದು ಅದು ಬಿಟ್ಟುಹೋಗಿತ್ತು. ನನಗೆ ಅದು ಮತ್ತೆ ಬೇಕಾಯಿತು.

ಗೋಧಿ ಕಾಳು ಎಳ್ಳು, ಗುರೆಳ್ಳು, ಅಗಸೆಗಿಂತ ದಪ್ಪ. ಹಾಗಾಗಿ ಬೀಜ ಮಾತ್ರ ಇಳಿಯುವಂಥ ಕಣ್ಣಿನ ಜರಡಿ ಹಿಡಿದರೆ ಇಡೀ ಗೋಧಿ ಮೇಲೇ ನಿಲ್ಲುತ್ತದೆ. ಕುಂಬಳ ಬೀಜಕ್ಕೆ ಉಲ್ಟಾ, ಬೀಜ ಮೇಲೆ ನಿಂತು ಗೋಧಿ ಕೆಳಗೆ ಬೀಳಬೇಕು. ಗೋಧಿ ನುಚ್ಚು ಜರಡಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಕಣ್ಣೇ ಬೇಕು, ತಟ್ಟೆಯಲ್ಲಿ ತೆಳ್ಳಗೆ ಹರಡಿ ಎರಡು ಸಲ ನೋಡಬೇಕು. ಒಂದು ಮುಖ್ಯ ಮಾತು, ಜರಡಿ ಹೊಸದಿರಲಿ. ಮೈದಾ, ಗೋಧಿ ಹಿಟ್ಟು ಹಿಡಿದ ಜರಡಿಯ ಕಣ್ಣಿನಲ್ಲಿ ಹಿಟ್ಟು ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದು ಕಷ್ಟ. ನಮ್ಮ ಮನೆಯವರು, ಮಗ ಚಪಾತಿ ತಿನ್ನುತ್ತಾರೆ, ಹಾಗಾಗಿ ನನ್ನ ಜರಡಿ, ಮಿಕ್ಸಿ ಜಾರು, ಮರದ ಸೌಟು ಬೇರೆ, ಮೇಲಿನ ಕಪಾಟಿನಲ್ಲಿ.

ಇನ್ನು ಧೂಳು. ಚೀಲದಲ್ಲಿದ್ದ ಹಿಟ್ಟಿನ ಧೂಳು ಬೀಜಕ್ಕೆ ಅಂಟಿರುತ್ತದೆ, ಅದು ಜರಡಿಗೂ ಸಿಗದು, ಕಣ್ಣಿಗೂ ಕಾಣದು. ಅದಕ್ಕೆ ತೊಳೆಯಬೇಕು. ಎಳ್ಳು, ಗುರೆಳ್ಳು, ಕುಂಬಳ, ಸೂರ್ಯಕಾಂತಿ ಇವನ್ನು ಮೂರ್ನಾಲ್ಕು ನೀರಲ್ಲಿ ತೊಳೆದು, ತೆಳು ಬಟ್ಟೆಯ ಮೇಲೆ ಹರವಿ, ಪೂರ್ತಿ ಒಣಗಿಸಿ, ಆಮೇಲೆ ಹುರಿಯಬಹುದು. ಪುಣೆಯ ಮಳೆಗಾಲದಲ್ಲಿ ಒಣಗುವುದಿಲ್ಲ, ಫ್ಯಾನ್ ಕೆಳಗೆ ಹಾಕಿ ಕಾಯಬೇಕು, ಅದಕ್ಕೆ ನಾನು ಬೇಸಿಗೆಯಲ್ಲೇ ತೊಳೆದಿಟ್ಟುಕೊಳ್ಳುತ್ತೇನೆ. ಆದರೆ ಅಗಸೆ, ಚಿಯಾ, ಕಾಮಕಸ್ತೂರಿ, ಅಳವಿ ತೊಳೆಯಲು ಆಗುವುದೇ ಇಲ್ಲ. ನೀರು ತಾಗಿದ ಕೂಡಲೇ ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾನು ಗೊತ್ತಿಲ್ಲದೆ ಒಮ್ಮೆ ಅಗಸೆ ತೊಳೆಯಲು ಹೋಗಿ ಅರ್ಧ ಕಿಲೋ ಪೂರ್ತಿ ಮುದ್ದೆಯಾಯಿತು. ಹಾಗಾಗಿ ಈ ಲೋಳೆಬೀಜಗಳ ವಿಷಯದಲ್ಲಿ ನಾನು ಗಟ್ಟಿ. ಇವನ್ನು ಪರೀಕ್ಷೆಯಾದ ಲೇಬಲ್ ಇರುವ ಪ್ಯಾಕೆಟ್ಟಿನದೇ ಕೊಳ್ಳುವುದು, ಇಲ್ಲವೆಂದರೆ ಎಲ್ಲಿ ಬೆಳೆದದ್ದು, ಯಾವ ಚೀಲದಲ್ಲಿ ಬಂದದ್ದು ಅಂತ ಪೂರ್ತಿ ಗೊತ್ತಿರುವ ಕಡೆಯಿಂದ ಮಾತ್ರ. ಮೊನ್ನೆಯದು ಹಾಗಲ್ಲ. ಸಂಬಂಧಿಕರೊಬ್ಬರು ಪ್ರೀತಿಯಿಂದ ಬಿಡಿಯಾಗಿ ಕೊಂಡು ತಂದುಕೊಟ್ಟದ್ದು. ಮೂರು ಕಾಳು ತೆಗೆದೆ, ಆದರೂ ಧೂಳಿನ ಅನುಮಾನ ಹೋಗಲಿಲ್ಲ. ಅದನ್ನು ಮನೆಯವರ ಚಟ್ನಿಗೆ ಇಟ್ಟೆ.

ಹುರಿದರೆ ಹೋಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಹೋಗುವುದಿಲ್ಲ. ಗ್ಲುಟೆನ್ ಕ್ರಿಮಿ ಅಲ್ಲ, ಬಿಸಿಗೆ ಸಾಯಲು. ಬೇಯಿಸಿದ ಚಪಾತಿಯಲ್ಲಿ ಗ್ಲುಟೆನ್ ಇರುವ ಹಾಗೆ ಹುರಿದ ಹಿಟ್ಟಿನಲ್ಲೂ ಇರುತ್ತದೆ.

ಡಾಕ್ಟರು ಬರೆದಿಡಿ ಅಂದಿದ್ದ ಆ ಪಟ್ಟಿಯಲ್ಲಿ ಇನ್ನೆರಡು ಸಿಕ್ಕಿದ್ದವು. ಒಂದು, ಆಫೀಸಿನ ಹುರಿದ ಬೀಜದ ಪ್ಯಾಕೆಟ್. ಹಿಂದೆ ತಿರುಗಿಸಿ ಓದಿದರೆ ಮಸಾಲೆಯಲ್ಲಿ ಸೋಯಾ ಸಾಸ್ ಪುಡಿ, ಆ ಸೋಯಾ ಸಾಸಿನಲ್ಲಿ ಗೋಧಿ. ಬೀಜ ಶುದ್ಧ, ಹಚ್ಚಿದ ಮಸಾಲೆ ಗೋಧಿಯದು. ಇಂಥ ಪ್ಯಾಕೆಟ್ಟುಗಳಲ್ಲಿ ಮಾಲ್ಟ್ ಅಂತ ಕಂಡರೂ ಬಿಟ್ಟುಬಿಡಿ, ಅದು ಸಾಮಾನ್ಯವಾಗಿ ಬಾರ್ಲಿಯಿಂದ ಬಂದದ್ದು. ಎರಡನೆಯದು ಇಂಗು. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ, ಅದರ ಜೊತೆ ಅಂಟು ಮತ್ತು ಹಿಟ್ಟು ಇರುತ್ತದೆ, ಬಹಳ ಸಲ ಆ ಹಿಟ್ಟು ಮೈದಾ. ಎಳ್ಳು ಚಟ್ನಿಗೆ, ಒಗ್ಗರಣೆಗೆ, ಎಲ್ಲದಕ್ಕೂ ನಾನು ಧಾರಾಳವಾಗಿ ಹಾಕುತ್ತಿದ್ದೆ. ಈಗ ಅಕ್ಕಿ ಹಿಟ್ಟು ಬೆರೆಸಿದ್ದು ಅಂತ ಬರೆದಿರುವ ಇಂಗನ್ನೇ ಹುಡುಕಿ ತರುತ್ತೇನೆ, ಸಿಗದಿದ್ದರೆ ಬೆಳ್ಳುಳ್ಳಿ.

ಸಂಕ್ರಾಂತಿ ನನಗೆ ಕಷ್ಟದ ಹಬ್ಬ. ಇಲ್ಲಿ ಆಫೀಸಿನಲ್ಲಿ ಪ್ರತಿಯೊಬ್ಬರೂ ಬಂದು 'ತಿಳಗೂಳ ಘ್ಯಾ, ಗೋಡ ಗೋಡ ಬೋಲಾ' ಅಂತ ಎಳ್ಳಿನ ಉಂಡೆ ಕೈಗೆ ಇಡುತ್ತಾರೆ. ನಮ್ಮ ಎಳ್ಳುಬೆಲ್ಲದ ಮಾತೇ ಅದು, ಬೇಡ ಅಂದರೆ ಒಳ್ಳೆಯ ಮಾತನ್ನೇ ಬೇಡ ಅಂದ ಹಾಗೆ. ಎಳ್ಳು, ಬೆಲ್ಲ, ಶೇಂಗಾ, ಮೂರರಲ್ಲೂ ಗ್ಲುಟೆನ್ ಇಲ್ಲ. ಆದರೆ ಆ ಉಂಡೆ ಮೈದಾದ ಶಂಕರಪಾಳಿ ಕರಿದ ಅಡುಗೆಮನೆಯಲ್ಲಿ, ಗೋಧಿಯ ಗೂಳಪೋಳಿ ಲಟ್ಟಿಸಿದ ಕಟ್ಟೆಯ ಮೇಲೆ ಕಟ್ಟಿದ್ದೋ ಏನೋ. ನಾನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ, ಡಬ್ಬಿಯಲ್ಲಿ ಹಾಕಿ ಮನೆಗೆ ತಂದು ಮಗನಿಗೆ ಕೊಡುತ್ತೇನೆ. ನನ್ನ ಡಬ್ಬಿಯಿಂದ ಮನೆಯಲ್ಲಿ ಕಟ್ಟಿದ ಉಂಡೆ ಅವರಿಗೆ ಕೊಡುತ್ತೇನೆ. ಹಬ್ಬದ ಹಿಂದಿನ ದಿನ, ಭೋಗಿಗೆ, ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅವತ್ತು ಇಲ್ಲಿಯವರೂ ಅದನ್ನೇ ಮಾಡುತ್ತಾರೆ, ತೀಳ ಹಚ್ಚಿದ ಬಾಜರಿ ಭಾಕರಿ. ಆ ಒಂದು ದಿನ ಊರೆಲ್ಲ ನನ್ನ ಊಟ ಉಣ್ಣುತ್ತದೆ ಅನಿಸಿ ಖುಷಿಯಾಗುತ್ತದೆ.

ಇನ್ನೊಂದು ಹೇಳಲೇಬೇಕು. ಹೊಟ್ಟೆ ಕೆಟ್ಟಾಗಲೆಲ್ಲ ಗ್ಲುಟೆನ್ ಅಂತ ಹೆದರಬೇಡಿ. ನಾನು ಮೊದಲ ತಿಂಗಳು ಒಳ್ಳೆಯದು ಅಂತ ದಿನಕ್ಕೆ ನಾಲ್ಕೈದು ಚಮಚ ಬೀಜ ತಿಂದು, ಹೊಟ್ಟೆ ಉಬ್ಬಿ ನೋವು ಬಂದು, ಎಲ್ಲಿಂದಲೋ ಗೋಧಿ ಹೋಯಿತು ಅಂತ ಅತ್ತಿದ್ದೆ. ಅದು ಬರೀ ನಾರು. ಗಾಯ ಮಾಯುತ್ತಿರುವ ಕರುಳಿಗೆ ಒಮ್ಮೆಲೇ ಅಷ್ಟು ನಾರು ಹಾಕಬಾರದು. ಅರ್ಧ ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಕುಡಿಯಿರಿ. ಚಿಯಾ, ಕಾಮಕಸ್ತೂರಿ ಒಣದಾಗಿ ನುಂಗಬೇಡಿ, ಚೆನ್ನಾಗಿ ನೆನೆಸಿ. ಅಗಸೆ ಇಡಿಯಾಗಿ ತಿಂದರೆ ಹೋದ ಹಾಗೇ ಹೊರಗೆ ಬರುತ್ತದೆ, ಹುರಿದು ಪುಡಿ ಮಾಡಿಯೇ ತಿನ್ನಬೇಕು, ಆ ಪುಡಿಯೂ ಬೇಗ ಕಮಟು ಹಿಡಿಯುತ್ತದೆ, ಹಳೇ ಪೇಂಟಿನಂಥ ವಾಸನೆ ಬರುತ್ತದೆ. ನಾನು ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡುತ್ತೇನೆ.

ಹೀಗೆ ಮಾಡಿ ಒಂದು ವರ್ಷದ ಮೇಲೆ ನನ್ನ ಟಿಟಿಜಿ ಮಿತಿಯೊಳಗೆ ಬಂತು. ಹಿಮೋಗ್ಲೋಬಿನ್ ಹನ್ನೆರಡಾಯಿತು. ರಿಪೋರ್ಟ್ ಕೈಗೆ ಬಂದ ದಿನ ಮೊದಲು ಅವ್ವನಿಗೆ ಫೋನ್ ಮಾಡಿದೆ.

ಆ ಅಳು ಕರೆಯ ನಂತರ ಅವ್ವ ಬಹಳ ದಿನ ಹಿಂಡಿಯ ಮಾತೇ ಎತ್ತಿರಲಿಲ್ಲ. ಅವಳು ಕಳಿಸುತ್ತಿದ್ದ ಡಬ್ಬಿ ನಿಂತುಹೋಗಿತ್ತು, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಆಮೇಲೆ ಅಕ್ಟೋಬರಿನಲ್ಲಿ ಒಂದು ದಿನ ತಮ್ಮ ಫೋನ್ ಮಾಡಿದ. "ಅಕ್ಕಾ, ಅವ್ವ ಹಟ ಹಿಡದಾಳ ನೋಡು. ಅಗಸಿ ಗೋದಿಯೊಳಗ ಬ್ಯಾಡ, ಕಡ್ಲಿಯೊಳಗ ಹಾಕ್ರಿ ಅಂತ. ಅಪ್ಪಾಗೂ ಕೇಳವಲ್ಳು." ಆ ವರ್ಷ ನಮ್ಮ ಹೊಲದಲ್ಲಿ ಅಗಸಿ ಕಡಲೆಯ ಸಾಲುಗಳ ನಡುವೆ ಬೆಳೆಯಿತು. ಮಿಷನ್ನಿಗೆ ಹಾಕದೆ ಹೊಸ ತಾಡಪತ್ರಿಯ ಮೇಲೆ ಕೋಲಿನಿಂದ ಬಡಿದಿದ್ದಾಳೆ, ಬೇರೆ ಮೊರದಲ್ಲಿ ಕೇರಿದ್ದಾಳೆ. ಪುಡಿ ಮಾಡಿಲ್ಲ. ಇಡಿಯ ಬೀಜ, ಹಳೇ ಸೀರೆಯಲ್ಲಿ ಹೊಲಿದ ಚೀಲದಲ್ಲಿ, ಬಸ್ಸಿನವರ ಕೈಲಿ ಕಳಿಸಿದಳು.

ನಾನು ಅದನ್ನೂ ಆರಿಸಿದೆ. ಆರಿಸದೆ ತಿನ್ನುವ ಹಾಗಿಲ್ಲ, ಅವ್ವನದಾದರೂ. ಸಂಜೆ ಅವಳೇ ಫೋನ್ ಮಾಡಿದಳು.

"ಎಷ್ಟ್ ಸಿಕ್ವು?"

"ಒಂದ್, ಯವ್ವಾ. ಒಂದ ಒಂದು."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಲೆಕ್ಕ ಹಾಕುತ್ತಿದ್ದಾಳೆ ಅಂತ ಗೊತ್ತಾಯಿತು, ಹೊಲ, ಕಣ, ಮೊರ, ಒಂದೊಂದೇ.

"ಚೀಲದಾಗ ಇತ್ತು ನೋಡದು," ಅಂದಳು. "ಆ ಸೀರಿ ಗೋದಿ ಡಬ್ಬಿ ಮ್ಯಾಲೆ ಹೊಚ್ಚಿದ್ನಿ. ತಡಿ, ಬ್ಯಾರೆ ಸೀರಿ ಹರೀತೀನಿ."